ಮಧ್ಯಾಹ್ನ ಸೋರುವ ಮೋಟಾರು

ಐವತ್ತೆರಡು ವರ್ಷ ಯಾರ ಬಾಯಲ್ಲೂ ಕಳ್ಳ ಅನ್ನಿಸಿಕೊಳ್ಳದೆ ಬದುಕಿದ್ದೆ. ಕೊನೆಗೆ ಅನ್ನಿಸಿದ್ದು ಒಂದು ಹಳೇ ಬೋಟಿನ ಮೋಟಾರು. ಅಂದವರು ನಮ್ಮ ಸೂಪರ್‌ವೈಸರ್ ಜಯಂತ್. ಜಕ್ಕೂರು ಕೆರೆಯಲ್ಲಿ ಅಂತರಗಂಗೆ ಕಳೆ ತೆಗೆಯುವ ಬೋಟು ನಡೆಸುವುದು ನನ್ನ ಕೆಲಸ. ಆಲಮಟ್ಟಿ ಹಿನ್ನೀರಿನಲ್ಲಿ ಹನ್ನೆರಡು ವರ್ಷ ಇಂಥವೇ ಮೋಟಾರುಗಳ ಜೊತೆ ಏಗಿದವನು ಎಂದೇ ಗುತ್ತಿಗೆದಾರರು ನನ್ನನ್ನು ಕರೆಸಿಕೊಂಡಿದ್ದರು.

ದಸರೆ ಮುಗಿದದ್ದೇ ತಡ, ಪೆಟ್ರೋಲ್ ಬೇಗ ಬೇಗ ಖಾಲಿಯಾಗತೊಡಗಿತು. ಮೋಟಾರಿನ ಹಿಂದೆ ನೀರಿನ ಮೇಲೆ ಬಣ್ಣಬಣ್ಣದ ಜಿಡ್ಡು. ಎಲ್ಲೋ ಸೋರುತ್ತಿದೆ ಎಂದು ನಾನೇ ಹೋಗಿ ಹೇಳಿದೆ. ಜಯಂತ್ ಬೆಳಿಗ್ಗೆ ಎಂಟಕ್ಕೆ ಬಂದು ಮೋಟಾರಿನ ಕೆಳಗೆ ಬೆರಳಾಡಿಸಿ ನೋಡಿದರು. ಒಣಗಿತ್ತು. ಜಿಡ್ಡು ಊರಿನ ಕೊಳಚೆಯದು ಎಂದರು. ಕಳೆ ಎಳೆಯುವ ಐದೂ ಜನ ದಂಡೆಯ ಮೇಲೆ ನಿಂತು ನೋಡುತ್ತಿದ್ದರು.

“ರೀ ಅಪ್ಪಾಸಾಹೇಬ್, ನಿಮ್ ಬೈಕು ಹುಣಸಮಾರನಹಳ್ಳಿ ಮನೆಯಿಂದ ದಿನಾ ನೀರ್ ಕುಡ್ಕೊಂಡ್ ಬರುತ್ತಾ? ಕದಿಯೋದಾದ್ರೆ ಸ್ವಲ್ಪ ನೋಡ್ಕೊಂಡ್ ಕದೀರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದರು.

ಪಿತ್ತ ನೆತ್ತಿಗೇರಿತು. ಮರುಮಾತಾಡಿದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ದಿನಾ ನನ್ನ ಡಬ್ಬಿಯಿಂದ ಶೇಂಗಾ ಚಟ್ನಿ ಕೇಳಿ ಹಾಕಿಸಿಕೊಳ್ಳುತ್ತಿದ್ದ, ಕಳೆ ಎಳೆಯುವ ಲಕ್ಕಮ್ಮ ಅವತ್ತು ಊಟಕ್ಕೆ ದೂರ ಕೂತಳು. ಮನೆಯಲ್ಲಿ ಹೆಂಡತಿ ನಿಂಗವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನದಿಂದ ಮೋಟಾರಿನ ಬೆನ್ನು ಹತ್ತಿದೆ. ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಪೈಪು ಸೀಳಿರಬಹುದೆಂದು ಬದಲಿಸಿದೆ. ಕ್ಲಿಪ್ಪುಗಳನ್ನು ಬಿಗಿದೆ. ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಹಿಚುಕಿ, ಒಂದೊಂದು ಕೀಲನ್ನೂ ಒಣ ಬಟ್ಟೆಯಿಂದ ಒತ್ತಿ ನೋಡಿದೆ. ಎಲ್ಲೂ ಪಸೆ ಇಲ್ಲ. ಆದರೆ ಮಧ್ಯಾಹ್ನ ಊಟ ಮುಗಿಸಿ ಬಂದರೆ ಮತ್ತೆ ಕೆಳಗೆಲ್ಲ ಒದ್ದೆ, ಮೂಗಿಗೆ ಬಡಿಯುವ ವಾಸನೆ. ಓಡುವಾಗಲೂ ಅರ್ಧ ಗಂಟೆಗೊಮ್ಮೆ ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಟ್ಯಾಂಕಿನ ಮುಚ್ಚಳ ತೆರೆದು ಹಾಕಿದರೆ ಮತ್ತೆ ಓಡುತ್ತಿತ್ತು. ವಯಸ್ಸಾಯಿತು ಪಾಪ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು.

ಮೂರನೇ ದಿನ ಊಟ ಬಿಟ್ಟು ಬಿಸಿಲಲ್ಲಿ ಅದರ ಮುಂದೆಯೇ ಕೂತೆ. ಒಂದು ಗಂಟೆಯ ಹೊತ್ತಿಗೆ ಟ್ಯಾಂಕು ಹೊಟ್ಟೆ ಉಬ್ಬರಿಸಿಕೊಂಡು ನಿಂತಿತ್ತು. ಕಾರ್ಬರೇಟರಿನಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್ ಬೀಳತೊಡಗಿತು. ಮುಚ್ಚಳ ಸಡಿಲಿಸಿದೆ. ಬುಸ್ಸೆಂದು ಗಾಳಿ ಹೊರಬಂತು, ತೊಟ್ಟಿಕ್ಕುವುದು ನಿಂತಿತು.

ಮುಚ್ಚಳದ ನೆತ್ತಿಯಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರಬೇಕು. ಅಲ್ಲಿ ಇದ್ದದ್ದು ಬೊಟ್ಟು. ಆಯುಧ ಪೂಜೆಯ ದಿನ ಜಯಂತ್ ಸ್ವತಃ ಕೈಯಾರೆ ಗಂಧ ಬಳಿದು, ಅದರ ಮೇಲೆ ದಪ್ಪಗೆ ಇಟ್ಟ ಕುಂಕುಮ. ಗಂಧ ಒಣಗಿ ಸಿಮೆಂಟಿನಂತೆ ತೂತನ್ನು ಮುಚ್ಚಿತ್ತು. ಬಿಸಿಲಿಗೆ ಉಬ್ಬಿದ ಪೆಟ್ರೋಲ್ ಬೇರೆ ದಾರಿಯಿಲ್ಲದೆ, ಸವೆದ ಕಾರ್ಬರೇಟರಿನ ಮೂಲಕ ನುಗ್ಗುತ್ತಿತ್ತು. ಓಡುವಾಗ ಹೊರಗಿನ ಗಾಳಿ ಟ್ಯಾಂಕಿನೊಳಗೆ ಹೋಗದೆ ಮೋಟಾರು ನಿಲ್ಲುತ್ತಿತ್ತು. ಇಡೀ ಮೋಟಾರನ್ನು ಒರೆಸಿ ಒರೆಸಿ ಕನ್ನಡಿ ಮಾಡಿದ ನಾನೂ ಆ ಬೊಟ್ಟನ್ನು ಮಾತ್ರ ಬಿಟ್ಟು ಒರೆಸಿದ್ದೆ. ಪೂಜೆಯ ಕುಂಕುಮ ತಾನಾಗಿ ಉದುರಬೇಕೇ ಹೊರತು ಕೈಯಾರೆ ಅಳಿಸಬಾರದಲ್ಲ. ಮುಚ್ಚಳವನ್ನು ದಂಡೆಗೆ ತಂದು, ದೇವರಿಗೆ ತಪ್ಪೊಪ್ಪಿಕೊಂಡು, ಪಿನ್ನಿನಿಂದ ತೂತು ಬಿಡಿಸಿದೆ.

ಎರಡು ದಿನ ಮಧ್ಯಾಹ್ನವೂ ಒಂದು ತೊಟ್ಟು ಬೀಳಲಿಲ್ಲ. ಆಗ ಜಯಂತ್ ಅವರನ್ನು ಕರೆಸಿ, ಬೆರಳಿನಿಂದ ತೂತು ಮುಚ್ಚಿ, ಬಿಟ್ಟು, ಎಲ್ಲ ತೋರಿಸಿದೆ. ಅಯ್ಯೋ ಇಷ್ಟೇನಾ ಎಂದು ನಕ್ಕರು. ಇಷ್ಟೇ! ನನ್ನ ಮಾನ ಹೋದದ್ದು ಅವರಿಗೆ ಇಷ್ಟೇ. ದಂಡೆಯ ಕಡೆ ತಿರುಗಿ, ಟ್ಯಾಂಕಲ್ಲಿ ಏನೋ ಪ್ರಾಬ್ಲಮ್ ಇತ್ತಂತೆ, ಸರಿಹೋಯ್ತು, ಕೆಲಸ ನೋಡಿ ಎಂದು ಫೋನ್ ತೆಗೆದರು.

“ಟ್ಯಾಂಕಿನ ಸುದ್ದಿ ಬ್ಯಾಡ್ರಿ, ನನ್ನ ಸುದ್ದಿ ಹೇಳ್ರಿ” ಎಂದೆ. “ಕಳ್ಳ ಅಂದಿದ್ದು ಇವರ ಮುಂದನ ಅಲ್ಲೇನ್ರಿ? ಇವರ ಮುಂದನ ಹೇಳ್ರಿ. ಅಲ್ಲೀತನಕ ನಾ ಬೋಟ್ ಚಾಲೂ ಮಾಡಂಗಿಲ್ಲ.”

ಅವರ ಮುಖ ಕೆಂಪಾಯಿತು. ನೆಲ ನೋಡುತ್ತಾ ಏನೋ ಗೊಣಗಿದರು. ನನಗೇ ಕೇಳಿಸಲಿಲ್ಲ.

ಲಕ್ಕಮ್ಮ ಕಳೆಯ ಹೊರೆ ಕೆಳಗಿಟ್ಟಳು. “ಇಂಗೆ ಬಾಯೊಳ್ಗೇ ಅಂದ್ರೆ ನಮ್ಗೆ ಕೇಳಾಕಿಲ್ಲ ಸಾಮಿ. ಅವತ್ತು ಕೂಗಿದ್ರಲ್ಲ, ಅಂಗೇ ಏಳಿ.”

ವಾಕಿಂಗ್ ಹೊರಟಿದ್ದ ಇಬ್ಬರು ಹೆಂಗಸರೂ ನಿಂತು ನೋಡತೊಡಗಿದರು. ಜಯಂತ್ ಫೋನನ್ನು ಜೇಬಿಗೆ ಹಾಕಿಕೊಂಡರು.

“ಅಪ್ಪಾಸಾಹೇಬ್ರು ಕದ್ದಿಲ್ಲ. ತಪ್ಪು ನಂದು.”

ಈ ಸಲ ಎಲ್ಲರಿಗೂ ಕೇಳಿಸಿತು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕದಿಯದವನು ಕದ್ದಿಲ್ಲವೆಂದು ಇನ್ನೊಬ್ಬರ ಬಾಯಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಮೈ ಉರಿಯಿತು, ಕಣ್ಣು ತುಂಬಿತು. ಯಾರಿಗೂ ಕಾಣದಿರಲಿ ಎಂದು ಬಗ್ಗಿ ಮೋಟಾರಿನ ಹಗ್ಗ ಎಳೆದೆ.