ಕೋಟೆಯ ಬಾಗಿಲು ತೆರೆದವರು

ಆಣೆಯ ಮಾತು ಹೇಗಿರಬೇಕೆಂದು ಆತ್ರೇಯ ಒಂದು ಹಾಳೆಯಲ್ಲಿ ಬರೆದುಕೊಂಡೇ ಬಂದಿದ್ದ. ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ವರ್ಷ ವರ್ಷದ ಕರಾರಿನ ಮೇಲೆ ಪಾಠ ಮಾಡುವ ಮನುಷ್ಯ. ಬಾಯಿಗೆ ಬಂದಂತೆ ಆಣೆ ಮಾಡಿಸಿದರೆ ಅವನಿಗೆ ಸಮಾಧಾನವಿಲ್ಲ. ಸಿಗಂದೂರಿನಲ್ಲಿ ಚೌಡಮ್ಮನ ಪೂಜೆ ಮುಗಿಸಿ, ಐದು ಜನರೂ ಹೊರಗೆ ಹಿನ್ನೀರಿನ ಕಡೆಗಿದ್ದ ಮರದ ನೆರಳಿಗೆ ಬಂದು ನಿಂತ ಮೇಲೆ ಅವನು ಕನ್ನಡಕ ಸರಿಮಾಡಿಕೊಂಡು ಹಾಳೆ ಬಿಚ್ಚಿದ.

“ಒಂದ್ಸಲ ಓದ್ತೀನಿ. ಎಲ್ಲರಿಗೂ ಒಪ್ಪಿಗೆ ಆದ್ರೆ ಮಾತ್ರ ಕರ್ಪೂರ ಹಚ್ಚೋಣ.”

“ಓದಿ ಸರ್,” ಎಂದ ನಿರಂಜನ. ಆಣೆ ಮಾಡಬೇಕಾದವನು ಅವನೇ. ಆದರೆ ಐವರಲ್ಲಿ ಹೆಚ್ಚು ಉತ್ಸಾಹದಲ್ಲಿದ್ದವನೂ ಅವನೇ. ಬೆಳಗ್ಗೆಯೇ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ಪಕ್ಕದಲ್ಲಿ ಅವನ ತಾಯಿ ವಿಶಾಲಮ್ಮ ಹಣ್ಣುಕಾಯಿಯ ಚೀಲ ಹಿಡಿದು ನಿಂತಿದ್ದಳು. ಅವರಿಬ್ಬರಿಂದ ಒಂದು ಹೆಜ್ಜೆ ಹಿಂದೆ ಅವನ ಹೆಂಡತಿ ಸುಚಿತ್ರಾ. ಅವಳಿಗೀಗ ಐದು ತಿಂಗಳು. ಆಚೆ ಬದಿಗೆ ಹೊಸನಗರದ ರಾಜೇಂದ್ರ, ಮೊಬೈಲ್ ರಿಪೇರಿ ಅಂಗಡಿಯವನು, ಸಾಕ್ಷಿಯೆಂದು ಬಂದವನು.

ಆತ್ರೇಯ ಓದಿದ: “‘ನಿರಂಜನನಾದ ನಾನು ರಾಣಿಯ ಕೋಟೆಯ ಬಾಗಿಲನ್ನು ತೆರೆದಿಲ್ಲ. ತೆರೆದವರು ಯಾರೆಂದು ನನಗೆ ತಿಳಿದಿಲ್ಲ. ಇದು ಸುಳ್ಳಾದರೆ ಅಮ್ಮ ನೋಡಿಕೊಳ್ಳಲಿ.’ ಇಷ್ಟೇ.”

ಹಾದುಹೋಗುತ್ತಿದ್ದ ಯಾತ್ರಿಕರೊಬ್ಬರು ತಿರುಗಿ ನೋಡಿದರು. ಯಾವ ರಾಣಿ, ಯಾವ ಕೋಟೆ ಎಂದು ಅವರು ಕೇಳಿದ್ದರೆ, ಫೋನಿನೊಳಗಿನ ಆಟದ್ದು ಎಂದು ಹೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಆ ಆಟದ ಲೋಕದಲ್ಲಿ ರಾಜ ಮಕ್ಕಳಿಲ್ಲದೆ ಸತ್ತಿದ್ದ. ಖಜಾನೆ ರಾಣಿಯ ಕೈಯಲ್ಲಿ ಉಳಿದಿತ್ತು, ಸೈನ್ಯ ಅವಳ ಮೈದುನನ ಕೈಯಲ್ಲಿ. ಆಡುವವರು ಯಾವುದಾದರೂ ಒಂದು ಪಕ್ಷ ಸೇರಲೇಬೇಕು. ನಮಗ್ಯಾಕೆ ಎಂದು ಸುಮ್ಮನೆ ಕೂರಲು ಆಟ ಬಿಡುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅರವತ್ತೆರಡು ಜನ ರಾಣಿಯ ಕಡೆ ನಿಂತು, ಎರಡು ವರ್ಷ ಬೆರಳು ಸವೆಸಿ ಒಂದು ಕೋಟೆ ಕಟ್ಟಿದ್ದರು. ಅದಕ್ಕೆ ಕೆಳದಿ ಎಂದೇ ಹೆಸರಿಟ್ಟಿದ್ದರು. ಮತ ಹಾಕಿ ಆತ್ರೇಯನನ್ನು ಅರಸನನ್ನಾಗಿ ಮಾಡಿದರು. ಬಾಗಿಲ ಕೀಲಿ ನಿರಂಜನನ ಕೈಗೆ ಬಂತು.

ಸಿಂಹಾಸನ ಸುಳ್ಳಿನದಾದರೂ ಅದರ ಸುತ್ತಿನ ಜಗಳ ನಿಜದ್ದೇ ಆಗುತ್ತದೆ. ಮೈದುನನ ಜೊತೆ ರಾಜಿಯಾಗೋಣ ಎನ್ನುವ ರಾಜೇಂದ್ರನ ಗುಂಪು ಒಂದು, ಸತ್ತರೂ ಆಗುವುದಿಲ್ಲ ಎನ್ನುವ ಆತ್ರೇಯನ ಗುಂಪು ಇನ್ನೊಂದು. ಒಂದೇ ವಾರದಲ್ಲಿ ಏಳು ಜನ ಎದುರು ಪಕ್ಷಕ್ಕೆ ಜಾರಿದಾಗ ಅರಸನಿಗೆ ನಿದ್ದೆ ಹಾರಿಹೋಯಿತು. ಉಳಿದವರನ್ನೆಲ್ಲ ವೀಡಿಯೊ ಕಾಲಿಗೆ ಕರೆದು, ಅವರವರ ಮನೆಯಲ್ಲಿದ್ದ ಸಿಗಂದೂರು ಚೌಡಮ್ಮನ ಫೋಟೋದ ಮೇಲೆ ಕೈ ಇಡಿಸಿ, ಪಕ್ಷ ಬಿಡುವುದಿಲ್ಲ, ಬಾಗಿಲು ತೆರೆಯುವುದಿಲ್ಲ ಎಂದು ಆಣೆ ಹಾಕಿಸಿದ. ಬೇರೆ ಊರಿನವರಾಗಿದ್ದರೆ ಬೇರೆ ಉಪಾಯ ಹುಡುಕುತ್ತಿದ್ದರೇನೋ. ಬೇಲಿಗೆ ‘ಅಮ್ಮನ ಕಾವಲಿದೆ’ ಎಂಬ ಬೋರ್ಡು ಕಟ್ಟಿ ನಿಶ್ಚಿಂತೆಯಿಂದ ಮಲಗುವ ಸೀಮೆಯ ಹುಡುಗರಿಗೆ ಹೊಳೆದದ್ದು ಇದು. ಆಟಕ್ಕೊಂದು, ಬದುಕಿಗೊಂದು ಎಂದು ಬೇರೆ ಬೇರೆ ಆಣೆ ಇರುವುದಿಲ್ಲ ಎಂಬುದು ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲ.

ನಿರಂಜನನದು ಹೊಳೆಯ ಸಾಗರದ ಕಡೆಯ ದಡದಲ್ಲಿ, ಲಾಂಚಿನ ಕಟ್ಟೆಯ ಹತ್ತಿರ ಚಾದ ಅಂಗಡಿ. ಲಾಂಚು ಬರುವವರೆಗೆ ಕಾಯುವ ಜನರೇ ಅವನ ಗಿರಾಕಿಗಳು. ಹೊಳೆಗೆ ಸೇತುವೆ ಆಯಿತು. ಊರಿಗೆಲ್ಲ ಹಬ್ಬ. ನಿರಂಜನನೂ ಎಲ್ಲರ ಜೊತೆ ಪಟಾಕಿ ಹೊಡೆದ. ಮಾರನೆಯ ದಿನದಿಂದ ಅವನ ಅಂಗಡಿಯ ಮುಂದೆ ಕಾಯುವವರೇ ಇಲ್ಲ. ಆಮೇಲೆ ಅವನು ಕರೆದವರ ಪಿಕಪ್ ಓಡಿಸಿದ, ಕರೆಯದ ದಿನ ಫೋನು ಹಿಡಿದು ಕೂತ. ಅಲ್ಲಿ ಅರವತ್ತೊಂದು ಜನ ಅವನನ್ನು ‘ಕೀಲಿದಾರರೇ’ ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಊರಲ್ಲಿ ಹಾಗೆ ಕರೆಯುವವರು ಯಾರೂ ಇರಲಿಲ್ಲ.

ಕಳೆದ ದೀಪಾವಳಿಯ ಹಿಂದಿನ ಭಾನುವಾರ ಮೈದುನನ ಸೈನ್ಯ ಕೋಟೆಯನ್ನು ಸುತ್ತಿತು. ಮುತ್ತಿಗೆ ನಾಲ್ಕರಿಂದ ಆರು ಗಂಟೆಯವರೆಗೆ. ಮೊದಲ ಬಸುರಿನ ಏಳನೇ ತಿಂಗಳಲ್ಲಿದ್ದ ಸುಚಿತ್ರಾ ಬೆಳಗಿನಿಂದ ಹೇಳುತ್ತಲೇ ಇದ್ದಳು, ಯಾಕೋ ಹೊಟ್ಟೆ ಕಲ್ಲಿನಂತಾಗಿದೆ, ಸಾಗರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿ ಬರೋಣ ಎಂದು. “ಇವತ್ತೊಂದಿನ ತಡಿ ಸುಚಿ. ಇವತ್ತು ಯಾರಿಗೂ ರಜೆ ಇಲ್ಲ ಅಂತ ಆತ್ರೇಯ ಸರ್ ಅಂದಿದಾರೆ,” ಎಂದಿದ್ದ ನಿರಂಜನ. ಐದು ಗಂಟೆಯ ಹೊತ್ತಿಗೆ ದನ ಹಗ್ಗ ಕಿತ್ತುಕೊಂಡು ಪಕ್ಕದವರ ಗದ್ದೆಗೆ ನುಗ್ಗಿತು. ವಿಶಾಲಮ್ಮ ಹೊರಗಿನಿಂದ ಕೂಗಿಕೊಂಡಳು. ಅವನು ಫೋನನ್ನು ಮಂಚದ ಮೇಲೆ ಹಾಗೇ ಬಿಟ್ಟು ಓಡಿದ.

ಪರದೆಯ ಮೇಲೆ ಕೋಟೆಯ ಬಾಗಿಲಿತ್ತು. ಕೆಳಗೆ ಕೀಲಿಯ ಚಿತ್ರ. ಇವಳಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ಗಂಡ ಅಂದುಕೊಂಡಿದ್ದ. ಎರಡು ವರ್ಷ ಪಕ್ಕದಲ್ಲಿ ಕೂತು ನೋಡಿದವಳಿಗೆ ಆಟದಲ್ಲಿ ತಿಳಿಯದ್ದು ಯಾವುದೂ ಇರಲಿಲ್ಲ. ಕೀಲಿಯನ್ನು ಒತ್ತಿದಳು. ತೆರೆಯಬೇಕೇ ಎಂದು ಆಟ ಕೇಳಿತು. ಹೌದು ಎಂದು ಒತ್ತಿದಳು. ಕೋಟೆ ಹೋಗಲಿ, ಆಟ ಮುಗಿಯಲಿ, ಗಂಡ ಎದ್ದು ಗಾಡಿ ತೆಗೆಯಲಿ. ಅವಳ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಆಣೆ ಹಾಕಿಸಿದ ದಿನ ಅವಳು ತವರಿನಲ್ಲಿದ್ದಳು, ಆ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೆರಳು ಮುಂದೆ ಹೋಗುತ್ತಿರಲಿಲ್ಲ.

ನಿರಂಜನ ಗಾಡಿ ತೆಗೆಯಲಿಲ್ಲ. ಸಂಜೆಯೆಲ್ಲ ತಲೆಯ ಮೇಲೆ ಕೈ ಹೊತ್ತು, ‘ಯಾರೋ ಹ್ಯಾಕ್ ಮಾಡಿದಾರೆ’ ಎಂದು ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಕೂತ. ಯಾರೂ ನಂಬಲಿಲ್ಲ. ಗುಂಪಿನಿಂದ ಅವನನ್ನು ಹೊರಗೆ ಹಾಕಿದರು. ಬಿದ್ದ ಕೋಟೆಯ ಮುಂದೆ ಆಟವೇ ಒಂದು ಕಲ್ಲು ನಿಲ್ಲಿಸಿ, ದ್ರೋಹಿ ಎಂದು ಅವನ ಹೆಸರು ಕೆತ್ತಿತು. ಮೂರು ವಾರದ ಮೇಲೆ ಸುಚಿತ್ರಾಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಉಸಿರಿರಲಿಲ್ಲ. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಸುಚಿತ್ರಾ ಆ ಮಾತನ್ನು ನಂಬಿ, ಅಳು ನುಂಗಿ, ಹೇಗೋ ಎದ್ದು ಓಡಾಡತೊಡಗಿದ್ದಳು.

ತಿಂಗಳ ಹಿಂದೆ ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲಿ ರಾಜೇಂದ್ರ ಎಲ್ಲವನ್ನೂ ಬಯಲಿಗೆ ಹಾಕಿದ. ಎಲೆ ಮುಂದೆ ಕೂತಿದ್ದ ನಿರಂಜನನನ್ನು ನೋಡಿ, “ಅಮ್ಮನ ಆಣೆ ಮುರಿದೋನ ಪಕ್ಕ ಕೂತು ನಂಗೆ ಅನ್ನ ಇಳಿಯಲ್ಲ,” ಎಂದು ಎದ್ದುಹೋದ. ಎದುರು ಸಾಲಿನಲ್ಲಿದ್ದ ವಿಶಾಲಮ್ಮನ ಕೈಯ ತುತ್ತು ಎಲೆಗೆ ಬಿತ್ತು. ಮನೆಗೆ ಬಂದು ಮಗನ ಬಾಯಿಂದ ಒಂದೊಂದೇ ಮಾತು ಹೊರಡಿಸಿದಳು. ಆಣೆ ಯಾವತ್ತು, ಬಾಗಿಲು ತೆರೆದದ್ದು ಯಾವತ್ತು, ಮಗು ಹೋದದ್ದು ಯಾವತ್ತು. “ಇದೊಂದಾದ್ರೂ ಉಳೀಬೇಕಲ್ಲ,” ಎಂದು ಸೊಸೆಯ ಹೊಟ್ಟೆ ನೋಡಿ ಅತ್ತಳು. ಆಣೆ ಹಾಕಿಸಿದವನನ್ನೇ ಕರೆಸಿ, ಮಗ ಆಣೆ ಮುರಿದಿಲ್ಲವೆಂದು ಚೌಡಮ್ಮನ ಮುಂದೆ ಹೇಳಿಸಬೇಕೆಂದು ಹಠ ಹಿಡಿದವಳೂ ಅವಳೇ. ಅಂದಿನಿಂದ ಸುಚಿತ್ರಾ ಸರಿಯಾಗಿ ಉಂಡಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅತ್ತೆಯ ಮುಖ ಕಾಣುತ್ತಿತ್ತು, ಮಾತು ಹಿಂದಕ್ಕೆ ಹೋಗುತ್ತಿತ್ತು. ಗಂಡ ತೆರೆದಿಲ್ಲ ಎನ್ನುವುದಂತೂ ನಿಜವಲ್ಲವೇ, ಆ ನಿಜವನ್ನೇ ಹೇಳಿ ಬರುತ್ತಾನೆ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಕಾರು ಹತ್ತಿದ್ದಳು.

“ನಂಗೆ ಒಪ್ಪಿಗೆ ಇಲ್ಲ,” ಎಂದ ರಾಜೇಂದ್ರ. “ಬಾಗಿಲು ತೆಗೆದಿದ್ದು ಇವನ ಫೋನಿಂದ. ಅಂಗಡಿಯೋನು ನಾನು, ಹ್ಯಾಕ್ ಅಂದ್ರೆ ಏನು ಅಂತ ನಂಗೆ ಗೊತ್ತಿದೆ. ‘ನಾನಾಗಲಿ, ನನ್ನ ಮನೆಯವರಾಗಲಿ’ ಅಂತ ಸೇರಿಸಿ.”

ಸುಚಿತ್ರಾ ಮುಂದೆ ಬಂದು ಗಂಡನ ಪಕ್ಕ ನಿಂತಳು.

“ಸೇರ್ಸಿ ಸರ್, ಸೇರ್ಸಿ!” ನಿರಂಜನ ನಕ್ಕ. “ನಮ್ಮನೇಲಿ ಯಾರಿಗೆ ಬರ್ತದೆ ಅದೆಲ್ಲ? ಅಮ್ಮಂಗೆ ಫೋನ್ ಎತ್ತಕ್ಕೇ ಬರಲ್ಲ. ಇವ್ಳಿಗೆ ಅಡಿಗೆ ವೀಡಿಯೊ ಬಿಟ್ರೆ ಬೇರೆ ಗೊತ್ತಿಲ್ಲ.”

ಆತ್ರೇಯ ಜೇಬಿನಿಂದ ಪೆನ್ನು ತೆಗೆದು, ಹಾಳೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಆ ಮಾತನ್ನು ನಡುವೆ ಸೇರಿಸಿ ಬರೆದ.

“ರೀ, ಬೇಡ. ಮನೆಗೆ ಹೋಗಣ,” ಎಂದಳು ಸುಚಿತ್ರಾ.

“ನಿಂತು ನಿಂತು ಸುಸ್ತಾಯ್ತೇನೋ ಪಾಪ,” ಎಂದು ವಿಶಾಲಮ್ಮ ಸೊಸೆಯ ತೋಳು ಹಿಡಿದುಕೊಂಡಳು. “ಇನ್ನೆರಡು ನಿಮಿಷ ತಡಿ. ಆಮೇಲೆ ನಿಂಗೂ ನಿರಾಳ, ನಂಗೂ ನಿರಾಳ.”

ರಾಜೇಂದ್ರ ವೀಳ್ಯದೆಲೆಯ ಮೇಲೆ ಕರ್ಪೂರ ಇಟ್ಟು ಹಚ್ಚಿದ. ನಿರಂಜನ ಅದನ್ನು ಬಲ ಅಂಗೈ ಮೇಲೆ ತೆಗೆದುಕೊಂಡು ದೇವಸ್ಥಾನದ ಕಡೆ ತಿರುಗಿದ. ತಪ್ಪು ಮಾಡದವನ ಧೈರ್ಯ ಅವನ ಮುಖದ ಮೇಲಿತ್ತು. ಒಂದು ವರ್ಷ ತಲೆ ತಗ್ಗಿಸಿದವನಿಗೆ ಬರಿಯ ಮಾತು ಸಾಲದು ಅನ್ನಿಸಿರಬೇಕು.

“ನೀವು ಬರ್ದಿದ್ದು ಮಾತ್ರ ಅಲ್ಲ ಸರ್. ಹೆಂಡ್ತಿ ಹೊಟ್ಟೆ ಮುಟ್ಟಿ ಹೇಳ್ತೀನಿ. ಇದ್ಕಿಂತ ದೊಡ್ಡ ಆಣೆ ಇದ್ಯಾ?”

ಎಡಗೈಯನ್ನು ಅವಳ ಹೊಟ್ಟೆಯ ಮೇಲೆ ಇಟ್ಟ. “ನಿರಂಜನನಾದ ನಾನಾಗಲಿ, ನನ್ನ ಮನೆಯವರಾಗಲಿ...”

“ನಾನೇ ಒತ್ತಿದ್ದು,” ಎಂದಳು ಸುಚಿತ್ರಾ.

ಕೇಳಿಸಲೇ ಇಲ್ಲವೇನೋ ಎಂಬಂತೆ ಅವನು ನೋಡಿದ. ಅವಳು ಅವನ ಕೈಯನ್ನು ಎರಡೂ ಕೈಯಿಂದ ಹಿಡಿದು ಹೊಟ್ಟೆಯ ಮೇಲಿಂದ ತೆಗೆದಳು. “ಬಾಗ್ಲು ತೆಗ್ದಿದ್ದು ನಾನು. ನೀವು ದನ ಹಿಡ್ಯಕ್ಕೆ ಹೋದಾಗ. ಆಣೆ ಮಾಡ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಕರ್ಪೂರ ಉರಿದು ಎಲೆ ಸುಟ್ಟ ವಾಸನೆ ಬಂದಾಗ ನಿರಂಜನ ಕೈ ಕೊಡವಿದ. ಅಂಗೈಗೆ ಗಾಳಿ ಊದಿಕೊಂಡ. ಆಮೇಲೆ ಅವನ ಮುಖ ಅರಳಿತು. ವರ್ಷದಿಂದ ಆ ಮುಖದ ಮೇಲೆ ಸುಚಿತ್ರಾ ಅಂಥ ಬೆಳಕನ್ನು ನೋಡಿರಲಿಲ್ಲ.

“ಕೇಳಿದ್ರಾ ಸರ್? ರಾಜೇಂದ್ರ, ಕೇಳಿದ್ಯಾ? ನಾನಲ್ಲ ನಾನಲ್ಲ ಅಂತ ಬಡ್ಕೊಂಡೆ. ಒಬ್ರಾದ್ರೂ ನಂಬಿದ್ರಾ?” ಅವನ ಕಣ್ಣಲ್ಲಿ ನೀರು ತುಂಬಿತ್ತು. “ಈಗ್ಲೇ ಗ್ರೂಪಲ್ಲಿ ಹಾಕು ಮಾರಾಯ. ಆ ಕಲ್ಲಿಂದ ನನ್ನ ಹೆಸ್ರು ತೆಗ್ಸಿ ಸರ್.”

ರಾಜೇಂದ್ರ ಆಗಲೇ ಫೋನು ಹೊರತೆಗೆದಿದ್ದ. ಆತ್ರೇಯ ಮಾತ್ರ ಸುಚಿತ್ರಾಳ ಕಡೆಗೇ ನೋಡುತ್ತಿದ್ದ.

“ಯಾಕೆ ಹಾಗೆ ಮಾಡಿದ್ರಿ?”

“ಅವತ್ತು ಸಾಗರಕ್ಕೆ ಹೋಗಿ ತೋರಿಸ್ಬೇಕಿತ್ತು,” ಎಂದಳು. “ಯಾರಿಗೂ ರಜೆ ಇಲ್ಲ ಅಂದಿದ್ರಂತಲ್ಲ ನೀವು.”

ಅರಸನಾಗಿದ್ದವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ. ಎಲ್ಲಿ ಇಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡ. ಆಮೇಲೆ ವಿಶಾಲಮ್ಮನಿಗೆ ಪಾಠ ಬಿಡಿಸಿ ಹೇಳುವವನಂತೆ ಹೇಳಿದ: “ಅಮ್ಮಾ, ನೋಡಿ. ಆಣೆ ಮಾಡಿದೋರು ಬಾಗಿಲು ತೆಗೆದಿಲ್ಲ. ತೆಗೆದೋರು ಆಣೆ ಮಾಡಿರಲಿಲ್ಲ. ಅಂದ್ಮೇಲೆ ಆಣೆ ಮುರಿದೇ ಇಲ್ಲ. ಯಾವ ದೋಷಾನೂ ಇಲ್ಲ.”

ವಿಶಾಲಮ್ಮ ಸೊಸೆಯ ತೋಳು ಬಿಟ್ಟು ಯಾವಾಗಲೋ ದೂರ ಸರಿದಿದ್ದಳು.

“ಚೌಡಮ್ಮಂಗೆ ನಿಮ್ಮ ಈ ಮಾತೆಲ್ಲ ಬೇಡ,” ಎಂದಳು. ಆಮೇಲೆ ಸೊಸೆಯ ಕಡೆ ನೋಡದೆ, ನೀರಿನ ಕಡೆ ನೋಡುತ್ತ, “ಎಂಥಾ ಮಗು ಅದು. ತಲೆ ತುಂಬ ಕೂದ್ಲಿತ್ತು,” ಎಂದಳು.

ಸುಚಿತ್ರಾ ಅಲ್ಲೇ ಮರದ ಬೇರಿನ ಮೇಲೆ ಕೂತಳು. ಡಾಕ್ಟರು ಹೇಳಿದ ಮಾತನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಮಾತು ನೆನಪಾಯಿತು, ನಂಬಿಕೆ ಬರಲಿಲ್ಲ. ತಾನೇ ಕೊಂದೆ ಅನ್ನಿಸಿತು. ಇಷ್ಟು ದಿನ ಬಾಗಿಲ ಆಚೆ ನಿಂತಿದ್ದ ಯೋಚನೆ ಈಗ ಒಳಗೆ ಬಂದು ಕೂತಿತು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಿರಂಜನ ನಡುವೆ ಕೂತ. ಅಮ್ಮ ಆ ಕಿಟಕಿಗೆ, ಹೆಂಡತಿ ಈ ಕಿಟಕಿಗೆ. ಅವನು ಮುಂದಿನ ಎರಡು ಸೀಟಿನ ಮಧ್ಯೆ ಮುಖ ಚಾಚಿ ರಾಜೇಂದ್ರನ ಜೊತೆ ಮಾತಾಡುತ್ತಲೇ ಇದ್ದ. ಗುಂಪಿನಲ್ಲಿ ಆಗಲೇ ಇಪ್ಪತ್ತು ಜನ ಉತ್ತರ ಬರೆದಿದ್ದರು. ಕೀಲಿದಾರರೇ ಕ್ಷಮಿಸಿ ಎಂದು ಒಬ್ಬ ಬರೆದಿದ್ದನ್ನು ರಾಜೇಂದ್ರ ಗಟ್ಟಿಯಾಗಿ ಓದಿದ. ಹೆಂಗಸು ಬಾಗಿಲು ತೆಗೆದರೆ ಯಾವ ಕೋಟೆ ಉಳಿಯುತ್ತದೆ ಎಂದು ಇನ್ನೊಬ್ಬ ಬರೆದಿದ್ದನ್ನೂ ಓದಿದ. ನಿರಂಜನ ಅದಕ್ಕೂ ನಕ್ಕ. ಆತ್ರೇಯ ರಸ್ತೆ ನೋಡುತ್ತ ಗಾಡಿ ಓಡಿಸುತ್ತಿದ್ದ.

“ಈ ಸಲ ಹೊಸ ಕೋಟೆ ಕೀಲಿ ಬೇರೆಯವ್ರ ಹತ್ರ ಇರ್ಲಿ ಸರ್,” ಎಂದ ನಿರಂಜನ. “ನಾನು ಬರೀ ಕಾಲಾಳಾಗಿ ಬರ್ತೀನಿ. ಭಾನ್ವಾರ ಎಷ್ಟೊತ್ತಿಗೆ ಆಟ ಅಂತ ಹೇಳಿ, ಸಾಕು.”

ಕಾರು ಸೇತುವೆಯ ಮೇಲೆ ಬಂತು. ಎರಡೂ ಕಡೆ ನೀರು ತುಂಬಿ ನಿಂತಿತ್ತು. ಆ ಕಿಟಕಿಯಲ್ಲಿ ವಿಶಾಲಮ್ಮ ಕಣ್ಣು ಮುಚ್ಚಿ ಏನೋ ಪಿಸುಗುಡುತ್ತಿದ್ದಳು.

ಆಗಲೇ ಹೊಟ್ಟೆಯೊಳಗೆ ಮಗು ಮೊದಲ ಸಲ ಮಿಸುಕಿತು. ಸುಚಿತ್ರಾಳ ಕೈ ತಾನಾಗಿ ಅಲ್ಲಿಗೆ ಹೋಯಿತು. ಪಕ್ಕದಲ್ಲಿ ಗಂಡ ಜೋರಾಗಿ ನಗುತ್ತಿದ್ದ. ಅವಳು ಕೈಯನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕೂತಳು. ಮಗು ಇನ್ನೊಮ್ಮೆ ಮಿಸುಕಿತು. ಅವಳು ಯಾರಿಗೂ ಹೇಳಲಿಲ್ಲ.