ಅಪ್ಪನ ಕುಲ

“ಮುಂದಿನ ಪುಟ ‘ನಿನ್ನ ಅಪ್ಪನ ಕುಲ’. ಏನು ಬರೀಲಿ, ಅಮ್ಮ?”

ನನ್ನುಂಗಿ ಪೆನ್ಸಿಲ್ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡು ಕಾಯುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ. ಅಕ್ಷರಗಳು ಮಾತ್ರ ದುಂಡಗೆ, ಗೆರೆ ಬಿಡದೆ ಕೂರುತ್ತಿದ್ದವು. ಚಾಪೆಯ ಮೇಲೆ ಗೋಡೆಗೊರಗಿದ್ದ ಪ್ರೊಸ್ಕೋವಿಯ ಕೆಮ್ಮಿದಳು. ಆ ಹೊತ್ತಿಗೆ ಕೆಮ್ಮು ಬಂದದ್ದೂ ಒಳ್ಳೆಯದೇ ಆಯಿತು.

ಅದು ನೆನಪಿನ ಪುಸ್ತಕ. ಆ ವರ್ಷಗಳಲ್ಲಿ ಮಸಾಕಾ ಪಟ್ಟಣದ ಸುತ್ತ ಕಾಯಿಲೆ ಹೊಕ್ಕ ಮನೆಗಳ ತಾಯಂದಿರೆಲ್ಲ ಇಂಥದೊಂದು ಬರೆಯುತ್ತಿದ್ದರು. ಬುಧವಾರ ಚರ್ಚಿನ ಜಗಲಿಯಲ್ಲಿ ಕೂತು ಫೋಟೋ ಅಂಟಿಸುವುದು, ಮದುವೆಯ ಉಡುಪಿನ ಚೂರು ಹೊಲಿಯುವುದು, ಪಕ್ಕದಲ್ಲಿ ನೆನಪು ಬರೆಯುವುದು. ತಾಯಿ ಹೋದ ಮೇಲೆ ಮಗುವಿಗೆ ತಾನು ಯಾರೆಂದು ತಿಳಿಯಲಿ ಅಂತ. ‘ನೀನು ಹುಟ್ಟಿದ ದಿನ’, ‘ನಿನ್ನ ಮೊದಲ ಹೆಜ್ಜೆ’ ಇವನ್ನೆಲ್ಲ ಪ್ರೊಸ್ಕೋವಿಯ ತಾನೇ ಬರೆದಿದ್ದಳು. ಈ ಪುಟವನ್ನು ಮಾತ್ರ ಪ್ರತಿಸಲ ಮಗುಚಿ ಮುಂದೆ ಹೋಗಿದ್ದಳು. ಈಗ ಮೂರು ವಾರದಿಂದ ಬೆರಳುಗಳು ಪೆನ್ಸಿಲ್ ಹಿಡಿಯುತ್ತಿರಲಿಲ್ಲ. ಯಾರಿಂದ ಮುಚ್ಚಿಡಬೇಕಿತ್ತೋ ಅವಳ ಕೈಯಲ್ಲೇ ಬರೆಸಬೇಕಾಗಿ ಬಂತು. ದೇವರಿಗೆ ಕಣ್ಣಿಲ್ಲ ಅನ್ನಿಸುವುದು ಇಂಥ ಕಡೆಯೇ.

ಗಂಡ ಯೊವಾನ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವನದು ಮಿಡತೆ ಕುಲ. ಅವನ ಅಕ್ಕ ಪೆರೂಸಿ ಆ ದಿನ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. “ನನ್ನ ತಮ್ಮನ ರಕ್ತ ಬೀದಿಗೆ ಬೀಳೋದು ಬೇಡ, ಹುಡುಗೀನ ನಾನು ಸಾಕ್ತೀನಿ” ಎಂದು ಹೇಳಿಕಳಿಸಿದ್ದಳು. ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಪ್ರೊಸ್ಕೋವಿಯಳ ತವರನ್ನು ಅದೇ ಕಾಯಿಲೆ ಗುಡಿಸಿ ಹಾಕಿತ್ತು.

ಆದರೆ ಅದು ತಮ್ಮನ ರಕ್ತವಲ್ಲ. ನನ್ನುಂಗಿ ಸೈಕಲ್ ರಿಪೇರಿಯ ಎರಿಯಾನ ಮಗಳು. ಮದುವೆಗೆ ಹದಿನೈದು ದಿನ ಮುಂಚೆ ಆಗಿಹೋದ ತಪ್ಪು. ಎರಿಯಾನದು ಅಣಬೆ ಕುಲ. ಅವನಿಗೆ ಮೂವರು ಗಂಡುಮಕ್ಕಳು, ಇದೇ ರಸ್ತೆಯಲ್ಲಿ ಆಡಿ ಬೆಳೆದವರು.

ನಮ್ಮಲ್ಲಿ ಒಂದೇ ಕುಲದವರೆಂದರೆ ಅಣ್ಣ ತಂಗಿ, ಮದುವೆಯ ಮಾತೇ ಇಲ್ಲ. ಕುಲಕ್ಕೆ ಯಾವುದರ ಹೆಸರಿದೆಯೋ ಅದನ್ನು ಆ ಕುಲದವರು ಬಾಯಿಗಿಡುವುದಿಲ್ಲ. ನವೆಂಬರಿನಲ್ಲಿ ಊರಿಗೆ ಊರೇ ಮಿಡತೆ ಹುರಿದು ತಿನ್ನುವಾಗ ಪ್ರೊಸ್ಕೋವಿಯ ಮಗಳ ಕೈಗೆ ಏಟು ಹಾಕಿ ಬಿಡಿಸಿದ್ದಳು. ಅಣಬೆಯನ್ನು ಮಾತ್ರ ಶೇಂಗಾ ಅರೆದು ಹಾಕಿ ಬೇಯಿಸಿ, ನೆರೆಯವರು ನೋಡಲಿ ಅಂತಲೇ ಅಂಗಳದಲ್ಲಿ ಕೂರಿಸಿ ಉಣ್ಣಿಸಿದ್ದಳು. ಒಂದೊಂದು ತುತ್ತಿಗೂ ಒಳಗೊಳಗೇ ಸತ್ತಿದ್ದಳು.

“ಮಿಡತೆ ಅಂತ ಬರಿ” ಅಂದಳು.

ಹುಡುಗಿ ಬರೆದು ಪುಟ ಮಗುಚಿದಳು. “ಈಗ ‘ನನ್ನ ಬುದ್ಧಿಮಾತು’.”

“ಓದು ಬಿಡಬೇಡ. ಅತ್ತೆಗೆ ಎದುರುತ್ತರ ಕೊಡಬೇಡ.” ಪ್ರೊಸ್ಕೋವಿಯ ಉಸಿರು ಎಳೆದುಕೊಂಡಳು. “ಅಣಬೆ ಕುಲದ ಹುಡುಗನ್ನ ಮದುವೆ ಆಗಬೇಡ.”

ಪೆನ್ಸಿಲ್ ನಿಂತಿತು. “ಯಾಕೆ?”

“ಅವರು ಸರಿಯಿಲ್ಲ.”

“ಎಲ್ರೂನಾ? ನಮ್ಮ ಲೆಕ್ಕದ ಟೀಚರೂನಾ?”

“ಬಾಯಿ ಮುಚ್ಕೊಂಡು ಬರಿಯೇ!”

ನನ್ನುಂಗಿ ಬರೆಯಲಿಲ್ಲ. ಪೆನ್ಸಿಲನ್ನು ಬೆರಳಲ್ಲಿ ತಿರುಗಿಸುತ್ತ, “ಅಮ್ಮ, ಹೋದ ವರ್ಷ ಸ್ಕೂಲಲ್ಲಿ ನಾನು ಮಿಡತೆ ತಿಂದೆ. ಒಂದು ಹಿಡಿ” ಅಂದಳು. “ನಮ್ಮ ಕುಲದ್ದನ್ನ ನಾವೇ ತಿಂದ್ರೆ ಹಲ್ಲೆಲ್ಲ ಉದುರೋಗತ್ತೆ ಅಂದಿದ್ದೆ ನೀನು. ಬೆಳಗಾಗೋವರೆಗೂ ನಾಲಿಗೇಲಿ ಹಲ್ಲು ಮುಟ್ಟಿ ಮುಟ್ಟಿ ನೋಡ್ಕೊಂಡೆ. ಏನೂ ಆಗ್ಲಿಲ್ಲ.”

ಪ್ರೊಸ್ಕೋವಿಯ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

“ಎರಿಯಾ ಮಾಮನ ಅಂಗಡಿ ಬಂದ್ರೆ ನೀನು ಯಾವಾಗ್ಲೂ ರಸ್ತೆ ದಾಟ್ತಿದ್ದೆ.”

“ಅತ್ತೆಗೆ ಗೊತ್ತಾದ್ರೆ ನಿನ್ನ ಕರ್ಕೊಂಡು ಹೋಗಲ್ಲ ಕಣೇ” ಅಂದಳು ತಾಯಿ. ಅಷ್ಟೇ ಅಂದದ್ದು.

ಹುಡುಗಿ ಮೊದಲ ಪುಟಕ್ಕೆ ಹೋದಳು. ಅಲ್ಲಿ ಯೊವಾನನ ಹೆಗಲ ಮೇಲೆ ಕೂತು ನಗುತ್ತಿರುವ ಎರಡು ವರ್ಷದ ತಾನು. “ಅಪ್ಪಂಗೆ ಗೊತ್ತಿತ್ತಾ?”

“ಇಲ್ಲ.”

ಫೋಟೋದ ಮೂಲೆ ಎದ್ದಿತ್ತು. ನನ್ನುಂಗಿ ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದಳು. ಆಮೇಲೆ ಬುದ್ಧಿಮಾತಿನ ಪುಟಕ್ಕೆ ಮರಳಿ, ಅಣಬೆ ಕುಲದ ಮಾತನ್ನು ಗೆರೆ ಬಿಡದೆ ಬರೆದಳು. ಅಳಲಿಲ್ಲ. ಅತ್ತಿದ್ದರೆ ತಾಯಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಪೆರೂಸಿ ಬಂದವಳೇ ಕೊಡೆ ಮೂಲೆಗಿಟ್ಟು, ಬೆವರು ಒರೆಸಿಕೊಂಡು, ಪುಸ್ತಕ ಕೈಗೆತ್ತಿಕೊಂಡಳು. ಒಳ್ಳೆಯ ಹೆಂಗಸು, ಬಾಯಿ ಮಾತ್ರ ಜೋರು. ತಮ್ಮನ ಫೋಟೋ ನೋಡಿ ಕಣ್ಣೀರು ಹಾಕಿದಳು. ‘ಮಿಡತೆ’ ಅನ್ನುವ ಪುಟ ಬಂದಾಗ ತಲೆಯಾಡಿಸಿದಳು. ಅದರಾಚೆಯ ಪುಟದಲ್ಲಿ ಅವಳ ಬೆರಳು ನಿಂತಿತು.

“ಇದೇನೇ ಪ್ರೊಸ್ಕೋವಿಯ? ಅಣಬೆಯವರು ನಿಂಗೇನು ಮಾಡಿದ್ರು?”

ಮೊಣಕಾಲೂರಿ ಊಟ ಬಡಿಸುತ್ತಿದ್ದ ನನ್ನುಂಗಿ ತಲೆ ಎತ್ತದೆ ಹೇಳಿದಳು: “ಸೈಕಲ್ ಅಂಗಡಿ ಹುಡುಗ್ರು ನನ್ನ ಗೋಳು ಹುಯ್ಕೊಳ್ತಾರೆ, ಅತ್ತೆ. ಅದಕ್ಕೆ ಅಮ್ಮಂಗೆ ಸಿಟ್ಟು.”

“ಅಯ್ಯೋ, ಅಷ್ಟಕ್ಕೆ ಇಡೀ ಕುಲಕ್ಕೇ ಬಹಿಷ್ಕಾರ ಹಾಕಿದ್ಯಾ!” ಪೆರೂಸಿ ನಕ್ಕು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

ಎಲೆಯ ಮೇಲೆ ಬೇಯಿಸಿ ಹಿಸುಕಿದ ಬಾಳೆಕಾಯಿ ಹಬೆಯಾಡುತ್ತಿತ್ತು. ಪಕ್ಕದ ಬಟ್ಟಲಲ್ಲಿ ಬೆಳಿಗ್ಗೆ ಹುಡುಗಿಯೇ ಮಾಡಿದ ಅಣಬೆ ಗೊಜ್ಜು. ಅತ್ತೆಗೆ ಎರಡನ್ನೂ ಬಡಿಸಿ, ಅವಳು ತನಗೆ ಬರೀ ಬಾಳೆಕಾಯಿ ಹಾಕಿಕೊಂಡಳು.

“ಯಾಕೆ, ಅಣಬೆ ಹಾಕ್ಕೊಂಡಿಲ್ವಲ್ಲೇ? ನಿಂಗೆ ಪ್ರಾಣ ಅಂತಿದ್ನಲ್ಲ ನಿಮ್ಮಪ್ಪ?”

ಪ್ರೊಸ್ಕೋವಿಯ ಚಾಪೆಯ ಅಂಚನ್ನು ಹಿಡಿದುಕೊಂಡಳು. “ಅವಳಿಗೆ ಹೊಟ್ಟೆ ಸರಿ...” ಎಂದು ಶುರುಮಾಡಿದಳು. ಕೆಮ್ಮು ಅಡ್ಡ ಬಂತು.

“ಮರೆತೇಹೋಯ್ತು, ಅತ್ತೆ” ಅಂದಳು ನನ್ನುಂಗಿ. ಸೌಟು ತುಂಬ ಹಾಕಿಕೊಂಡು, ದೊಡ್ಡ ತುತ್ತು ಮಾಡಿ ಬಾಯಿಗಿಟ್ಟಳು. ತುಂಬ ಹೊತ್ತು ಅಗಿದಳು. ನುಂಗಿದಳು.

“ಹಾಂ, ಹಂಗೆ ಉಣ್ಣಬೇಕು” ಎಂದು ಪೆರೂಸಿ ತನ್ನ ಎಲೆಯ ಕಡೆ ತಿರುಗಿದಳು.

ಹುಡುಗಿ ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಕೆನ್ನೆಯೊಳಗೆ ನಾಲಿಗೆ ಮೆಲ್ಲಗೆ ಒಂದೊಂದೇ ಹಲ್ಲನ್ನು ಮುಟ್ಟಿಕೊಂಡು ಹೋಗುತ್ತಿದ್ದುದು ಪ್ರೊಸ್ಕೋವಿಯಳಿಗೆ ಚಾಪೆಯಿಂದಲೇ ಕಾಣುತ್ತಿತ್ತು.