ನಮ್ಮ ಕಡೆಯ ಹುಡುಗಿ

"ಕೇಳೋಕೆ ಚೆನ್ನಾಗಿದೆ ಸರ್, ಆದ್ರೆ ದೊಡ್ಡ ತಪ್ಪು ಮಾಡಿದವರು ತಾವಾಗಿ ಬಂದು ಹೇಳ್ತಾರಾ? ಒಂದು ಉದಾಹರಣೆ ಕೊಡಿ ನೋಡೋಣ," ಎಂದು ಗುಂಟೂರಿನ ನರಸಿಂಹಮೂರ್ತಿ ಎದ್ದು ನಿಂತು ಕೇಳಿದಾಗ, ಉಮಾಪತಿ ಆ ಪ್ರಶ್ನೆಗೇ ಕಾಯುತ್ತಿದ್ದವನಂತೆ ನಕ್ಕ.

ವಿಜಯವಾಡದ ಹೋಟೆಲೊಂದರ ಸಭಾಂಗಣದಲ್ಲಿ ಮೂವತ್ತು ಮಂದಿ ಕೂತಿದ್ದರು. ಎಲ್ಲರೂ ಒಂದೇ ಕಂಪನಿಯ ರಕ್ತಪರೀಕ್ಷೆ ಲ್ಯಾಬುಗಳ ಮ್ಯಾನೇಜರುಗಳು. ಉಮಾಪತಿ ವಿಶಾಖಪಟ್ಟಣದ ಎಂವಿಪಿ ಕಾಲೋನಿ ಲ್ಯಾಬಿನವನು. ಹರಿಹರದಿಂದ ಕೆಲಸ ಹುಡುಕಿಕೊಂಡು ಬಂದು, ತೆಲುಗಿನ ಹೈಮಾವತಿಯನ್ನು ಮದುವೆಯಾಗಿ, ಹದಿನಾರು ವರ್ಷದಿಂದ ಇಲ್ಲೇ ಬೇರುಬಿಟ್ಟಿದ್ದ. ತಂಡದ ನಂಬಿಕೆ ಗಳಿಸುವುದು ಹೇಗೆ ಅನ್ನುವುದನ್ನು ಉಳಿದವರಿಗೆ ಹೇಳಿಕೊಡಲಿ ಎಂದು ಹೆಡ್ ಆಫೀಸಿನವರು ಅವನನ್ನೇ ಕರೆಸಿದ್ದರು. ಮೈಕು ಕೈಗೆ ಬಂದ ಮೇಲೆ ಪುಣ್ಯಾತ್ಮನ ತೆಲುಗಿಗೂ ಒಂದು ಗತ್ತು ಬಂದಿತ್ತು.

ಅವನು ಮಾಡಿದ್ದು ನಿಜಕ್ಕೂ ಒಳ್ಳೆಯ ಕೆಲಸವೇ. ಸೋಮವಾರ ಹತ್ತು ಗಂಟೆಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವವರ ಗದ್ದಲ ಮುಗಿದ ಮೇಲೆ, ಅವನೂ ಸೇರಿ ಲ್ಯಾಬಿನ ಆರೂ ಜನ ಅವನ ಕೋಣೆಯಲ್ಲಿ ಚಹಾ ಹಿಡಿದು ನಿಲ್ಲುತ್ತಿದ್ದರು. ಹಿಂದಿನ ವಾರ ತಾನು ಮಾಡಿದ ಒಂದು ತಪ್ಪನ್ನು ಒಬ್ಬೊಬ್ಬರೂ ಹೇಳಬೇಕು. ಬೈಗುಳ ಇಲ್ಲ, ಮೆಮೊ ಇಲ್ಲ, ಮಾತು ಕೋಣೆಯಿಂದಾಚೆ ಹೋಗುವಂತಿಲ್ಲ. ಇದಕ್ಕೆ 'ತಪ್ಪಿನ ಚಹಾ' ಎಂದು ಹೆಸರಿಟ್ಟವನು ತಂಡದ ಹುಡುಗ ಸಾಯಿಕಿರಣ್. ಮೊದಲ ಎರಡು ತಿಂಗಳು ಯಾರೂ ತುಟಿ ಬಿಚ್ಚಲಿಲ್ಲ. ಉಮಾಪತಿ ತನ್ನ ತಪ್ಪುಗಳನ್ನೇ ವಾರವಾರ ಹೇಳಿಕೊಂಡು ಸೋತ. ಕೊನೆಗೊಂದು ಸೋಮವಾರ, ರಕ್ತ ತೆಗೆಯುವ ಉಷಶ್ರೀ ಬಾಯಿ ಬಿಟ್ಟಳು. ಆಮೇಲೆ ಎಲ್ಲರೂ ಹೇಳತೊಡಗಿದರು, ಲ್ಯಾಬಿನ ದೂರುಗಳು ವರ್ಷದೊಳಗೆ ಅರ್ಧಕ್ಕಿಳಿದವು.

ಇಷ್ಟು ಹೇಳಿ ಕೂತಿದ್ದರೆ ಏನೂ ಆಗುತ್ತಿರಲಿಲ್ಲ.

"ಹೆಸರು ಹೇಳಲ್ಲ, ಅದು ನಮ್ಮ ನಿಯಮ," ಎಂದು ಶುರುಮಾಡಿದ. "ನಮ್ಮಲ್ಲೊಬ್ಬ ಹುಡುಗಿ ಎರಡು ಟ್ಯೂಬಿಗೆ ಸ್ಟಿಕರ್ ಅದಲುಬದಲು ಅಂಟಿಸಿಬಿಟ್ಟಿದ್ದಳು. ಇಬ್ಬರ ಹೆಸರೂ ಅಪ್ಪಲರಾಜು. ಒಂದು ಗಂಟೆ ಬಿಟ್ಟು ಅನುಮಾನ ಬಂತು. ರಿಪೋರ್ಟ್ ಇನ್ನೂ ಹೋಗಿರಲಿಲ್ಲ. ಸುಮ್ಮನಿದ್ದರೆ ದೇವರಾಣೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಬ್ಬರಿಗೂ ತಾನೇ ಫೋನ್ ಮಾಡಿ, ಕ್ಷಮೆ ಕೇಳಿ, ಮತ್ತೆ ಕರೆಸಿ ರಕ್ತ ತೆಗೆದಳು. ಸೋಮವಾರ ಎಲ್ಲರೆದುರು ಹೇಳಿದಳು."

ಎಲ್ಲರೂ ಅವನನ್ನೇ ನೋಡುತ್ತಿದ್ದರು. ಉಮಾಪತಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ.

"ಎಲ್ಲರೆದುರು ಹೇಳುವ ಮೊದಲು ನನ್ನ ಹತ್ತಿರ ಬಂದು ಅತ್ತಳು, ಅದೂ ಕನ್ನಡದಲ್ಲಿ. ನಮ್ಮ ಕಡೆಯ ಹುಡುಗಿ. ಭಯ ಬಂದಾಗ ಮನುಷ್ಯರಿಗೆ ಮನೆ ಮಾತೇ ಬರೋದು ನೋಡಿ. ಆ ಮಟ್ಟದ ನಂಬಿಕೆ ಅದು."

ಚಪ್ಪಾಳೆ ಬಿತ್ತು. ನರಸಿಂಹಮೂರ್ತಿಯೂ ತಟ್ಟಿದ. ಮೊದಲ ಸಾಲಿನಲ್ಲಿದ್ದ ಸಿಬ್ಬಂದಿ ವಿಭಾಗದ ಮುಖ್ಯಸ್ಥ ಸೂರ್ಯಪ್ರಕಾಶ ಮಾತ್ರ ಡೈರಿಯಲ್ಲಿ ಏನೋ ಬರೆದುಕೊಂಡರು. ಎಂವಿಪಿ ಕಾಲೋನಿ ಲ್ಯಾಬಿನಲ್ಲಿ ಕನ್ನಡ ಬಲ್ಲ ಹುಡುಗಿ ಒಬ್ಬಳೇ ಎಂಬುದು ಉಮಾಪತಿಗೆ ಹೊಳೆದದ್ದು ಊಟದ ತಟ್ಟೆ ಹಿಡಿದು ನಿಂತಾಗ.

"ಆ ಹುಡುಗಿ ಉಷಶ್ರೀ ಅಲ್ವಾ?" ಸೂರ್ಯಪ್ರಕಾಶ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. "ಇಲ್ಲಿನ ಹೊಸ ಲ್ಯಾಬಿಗೆ ಇನ್‌ಚಾರ್ಜ್ ಆಗಿ ಬರ್ತೀನಿ ಅಂತ ಅರ್ಜಿ ಹಾಕಿದ್ದಾಳೆ. ನೀವೇ ಶಿಫಾರಸು ಬರೆದಿದ್ದೀರಿ. ಸ್ಟಿಕರ್ ವಿಷಯ ಅದರಲ್ಲಿ ಇರಲಿಲ್ಲವಲ್ಲ?"

ಉಮಾಪತಿಯ ಬಾಯಲ್ಲಿ ಮೊಸರನ್ನ. ಅದು ನುಂಗುವಷ್ಟು ಹೊತ್ತಿನಲ್ಲಿ ಅವನು ಏನೆಲ್ಲ ಹೇಳಬಹುದಿತ್ತು! ತಪ್ಪು ಒಪ್ಪಿಕೊಂಡಳು ಅನ್ನೋದಕ್ಕೇ ಅವಳಿಗೆ ಆ ಕೆಲಸ ಕೊಡಿ ಅನ್ನಬಹುದಿತ್ತು. ಅವಳ ಗಂಡ, ಮೂರು ವರ್ಷದ ಮಗಳು ಇದೇ ಊರಲ್ಲಿದ್ದಾರೆ, ಶನಿವಾರ ಶನಿವಾರ ರೈಲು ಹತ್ತಿ ಬಂದು ಮಗುವಿನ ಮುಖ ನೋಡಿಕೊಂಡು ಹೋಗ್ತಾಳೆ ಅನ್ನಬಹುದಿತ್ತು.

"ಪ್ರಾದೇಶಿಕ ಮುಖ್ಯಸ್ಥರ ಹುದ್ದೆಗೆ ಈ ಸಲ ನಿಮ್ಮ ಹೆಸರು ಓಡ್ತಿದೆ," ಎಂದರು ಸೂರ್ಯಪ್ರಕಾಶ, ಅವನ ಭುಜ ಮುಟ್ಟಿ.

"ಥ್ಯಾಂಕ್ಸ್ ಅಂಡಿ," ಎಂದ ಉಮಾಪತಿ. ಅಷ್ಟೇ.

*

ಅದು ಬುಧವಾರ. ಶುಕ್ರವಾರ ಮಧ್ಯಾಹ್ನ ಹೊಸ ಲ್ಯಾಬಿನ ನೇಮಕದ ಪಟ್ಟಿ ಬಂತು. ಇನ್‌ಚಾರ್ಜ್ ಜಾಗದಲ್ಲಿ ರಾಜಮಂಡ್ರಿಯ ಒಬ್ಬನ ಹೆಸರಿತ್ತು. ಸ್ವಲ್ಪ ಹೊತ್ತಿಗೆ ಉಷಶ್ರೀ ಬಾಗಿಲು ತಟ್ಟಿದಳು. ತಾಯಿಯ ಕಡೆಯಿಂದ ಬಳ್ಳಾರಿಯವಳು. ಉಳಿದವರೆದುರು ಸರ್ ಅನ್ನುತ್ತಿದ್ದಳು, ಇಬ್ಬರೇ ಇದ್ದಾಗ ಅಣ್ಣಾ.

"ಅಣ್ಣಾ, ನಂಗೆ ಆಗಲಿಲ್ಲ ನೋಡ್ರಿ."

"ನೋಡಿದೆ. ಬೇಜಾರಾತು."

"ಹೆಡ್ ಆಫೀಸಿಗೆ ಫೋನ್ ಮಾಡಿ ಕೇಳಿದೆ. ಸ್ಟಿಕರ್ ವಿಚಾರ ತೆಗೆದ್ರು. ಇನ್‌ಚಾರ್ಜ್ ಆಗೋಳು ಅಂಥಾ ತಪ್ಪು ಮಾಡಬಾರದಿತ್ತಂತೆ." ಅವಳು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. "ಅವ್ರಿಗೆ ಹೆಂಗ್ ಗೊತ್ತಾತಣ್ಣಾ? ಇಲ್ಲಿ ಆರು ಜನ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ."

ನಾನೇ ಕಣಮ್ಮಾ. ಎರಡು ಮಾತು. ನಾಲಿಗೆ ತುದಿಗೆ ಬಂದಿತ್ತು ಕೂಡ. ಆದರೆ ಅವಳ ಮುಖದಲ್ಲಿ ತನ್ನ ಮೇಲೆ ಎಳ್ಳಷ್ಟೂ ಅನುಮಾನ ಇಲ್ಲದ್ದನ್ನು ಕಂಡು ಅವನಿಗೆ ಆ ಮುಖವನ್ನು ಕಳೆದುಕೊಳ್ಳಲು ಧೈರ್ಯವಾಗಲಿಲ್ಲ.

"ಯಾರು ಹೇಳಿದ್ರೋ ಏನೋ," ಎಂದ.

"ಸಾಯಿಕಿರಣ್ ಇರಬಹುದಾ? ಹೋದ ವಾರ ಸ್ಯಾಂಪಲ್ ಡಬ್ಬಿ ತಗಂಡು ವಿಜಯವಾಡಕ್ಕೆ ಹೋಗಿದ್ದ. ಅವನ ಬಾಯಿ ನಿಲ್ಲಂಗಿಲ್ಲ."

"ಇರಬಹುದು," ಎಂದುಬಿಟ್ಟ ಉಮಾಪತಿ. "ನಂಗೊತ್ತಿಲ್ಲ."

ಛೆ, ಎಂಥ ಮಾತು! ಅವಳು ಹೊರಗೆ ಹೋದ ಮೇಲೆ ಗಾಜಿನಾಚೆ ನೋಡಿದ. ಸಾಯಿಕಿರಣ್ ಏನೋ ತಮಾಷೆ ಮಾಡುತ್ತಾ ಅವಳ ಕಡೆ ಕಡಲೆ ಮಿಠಾಯಿ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ಅವನು ಚಾಚಿದ ಕೈ ಹಾಗೇ ಹಿಡಿದುಕೊಂಡು, ಏನಾಯಿತೆಂದು ತಿಳಿಯದೆ ನಿಂತ. ಉಮಾಪತಿ ಪರದೆ ಎಳೆದುಕೊಂಡು ಕೂತ.

ಭಾನುವಾರ ಬೆಳಿಗ್ಗೆ ಮಧುರವಾಡದ ಮನೆಯಲ್ಲಿ ಹೈಮಾವತಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದಳು. ಎರಡು ದಿನದಿಂದ ಗಂಡ ಸರಿಯಾಗಿ ಉಣ್ಣದ್ದನ್ನು ನೋಡಿ ಏನೆಂದು ಕೇಳಿದಳು. ಉಮಾಪತಿ ಎಲ್ಲ ಹೇಳಿದ. ಚಪ್ಪಾಳೆ, ಮೊಸರನ್ನ, ಕಡಲೆ ಮಿಠಾಯಿ, ಯಾವುದನ್ನೂ ಮುಚ್ಚಿಡಲಿಲ್ಲ. ಹೇಳಿಕೊಂಡರೆ ಹಗುರಾಗಬಹುದು ಅಂದುಕೊಂಡಿದ್ದ.

"ಅಂದರೆ ನೀವು ಆ ಸಾಯಿಕಿರಣ್ ಮೇಲೆ ಹಾಕಿದ್ರಿ," ಎಂದಳು ಹೈಮಾವತಿ. ಅವಳ ಕನ್ನಡ ತೆಲುಗಿನ ರಾಗದಲ್ಲೇ ಬರುತ್ತಿತ್ತು.

"ಹಾಕಲಿಲ್ಲ. ಇರಬಹುದು ಅಂದೆ."

"ಅದೇ ಕದಾ ಹಾಕೋದು ಅಂದ್ರೆ!" ಅವಳು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ತಳ್ಳಿದಳು. "ನನಗೆ ಯಾಕೆ ಹೇಳ್ತೀರಿ? ನಾನೇನು ನಿಮ್ಮ ಲ್ಯಾಬಲ್ಲಿ ಇದೀನಾ? ಹೋಗಿ ಅವಳಿಗೆ ಹೇಳಿ. ಆ ಹುಡುಗನಿಗೂ ಹೇಳಿ."

ಅದಕ್ಕೂ ಮೊದಲು ಕೆಟ್ಟದ್ದನ್ನು ಸರಿ ಮಾಡಿಬಿಡುವ ಆಸೆಯಿಂದ ಉಮಾಪತಿ ಬಾಲ್ಕನಿಗೆ ಹೋಗಿ ಸೂರ್ಯಪ್ರಕಾಶರಿಗೆ ಫೋನು ಹಚ್ಚಿದ. ಉಷಶ್ರೀಯನ್ನು ಹೊಗಳಿದ, ಬೇಡಿಕೊಂಡ. ಅವರು ತಾಳ್ಮೆಯಿಂದಲೇ ಕೇಳಿಸಿಕೊಂಡರು.

"ಪಟ್ಟಿ ಹೊರಟಾಯ್ತು ಉಮಾಪತಿಗಾರು. ಅವತ್ತು ಊಟದಲ್ಲಿ ನಾನಾಗೇ ಕೇಳಿದೆ. ನೀವು ಒಂದು ಮಾತು ಅಂದಿದ್ರೆ ಯೋಚಿಸ್ತಿದ್ದೆ. ನೀವು ಸುಮ್ಮನಿದ್ರಿ. ನಿಮಗೂ ಅದೇ ಅಭಿಪ್ರಾಯ ಅಂದುಕೊಂಡೆ."

*

ಸೋಮವಾರ ಹತ್ತಕ್ಕೆ ಆರೂ ಜನ ಕೋಣೆಯಲ್ಲಿ ಸೇರಿದರು. ದುರ್ಗಾಭವಾನಿ ಲೋಟಗಳಿಗೆ ಚಹಾ ಬಗ್ಗಿಸಿದಳು. ಉಷಶ್ರೀ ಕಿಟಕಿ ಹತ್ತಿರ, ಸಾಯಿಕಿರಣ್ ಅವಳಿಗೆ ದೂರ, ಬಾಗಿಲ ಹತ್ತಿರ. ಹೊರಗೆ ಹೇಳಿದವನು ಅವನೇ ಎಂಬ ಸುದ್ದಿ ವಾರಾಂತ್ಯದಲ್ಲಿ ಎಲ್ಲರಿಗೂ ಹಬ್ಬಿತ್ತು. ಯಾರೂ ಸಾಯಿಕಿರಣನ ಮುಖ ನೋಡುತ್ತಿರಲಿಲ್ಲ. ಸದಾ ಬಾಯಿಬಡುಕ, ಅವತ್ತು ತುಟಿ ಹೊಲಿದುಕೊಂಡು ನಿಂತಿದ್ದ.

"ಮೊದಲು ನಂದು," ಎಂದ ಉಮಾಪತಿ. ರಾತ್ರಿಯಿಡೀ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. "ಸ್ಟಿಕರ್ ವಿಷಯ ವಿಜಯವಾಡದಲ್ಲಿ ಹೇಳಿದ್ದು ನಾನು. ಮೂವತ್ತು ಜನರ ಮುಂದೆ. ಹೆಸರು ಹೇಳಲಿಲ್ಲ, ಆದರೆ ಗೊತ್ತಾಗುವ ಹಾಗೆ ಹೇಳಿದೆ. ಚಪ್ಪಾಳೆ ಬೇಕಿತ್ತು ನನಗೆ. ಆಮೇಲೆ ಅವರು ಕೇಳಿದಾಗ ಉಷಶ್ರೀ ಪರವಾಗಿ ಮಾತಾಡಲಿಲ್ಲ. ಶುಕ್ರವಾರ ಅವಳು ಕೇಳಿದಾಗ ಸಾಯಿಕಿರಣ್ ಇರಬಹುದು ಅಂದೆ. ಅವನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನನಗೆ ನಾಚಿಕೆಯಾಗಿದೆ. ಕ್ಷಮಿಸಿ ಅಂತ ಕೇಳೋಕೂ ಮುಖವಿಲ್ಲ."

ಒಬ್ಬರಾದರೂ ರೇಗಲಿ, ಲೋಟ ಕುಕ್ಕಿ ಹೊರಗೆ ನಡೆಯಲಿ ಎಂದು ಅವನು ಕಾದ. ಉಷಶ್ರೀ ಅವನ ಕಡೆ ನೋಡಲೇ ಇಲ್ಲ. ಚಹಾದ ಲೋಟ ಮೇಜಿನ ಮೇಲಿಟ್ಟು, ಕೋಣೆ ದಾಟಿ, ಬಾಗಿಲ ಹತ್ತಿರ ಹೋದಳು.

"ಸಾಯಿ, ಈ ವಾರದ ನನ್ನ ತಪ್ಪು ಇದು," ಎಂದಳು ತೆಲುಗಿನಲ್ಲಿ. "ನಿನ್ನನ್ನ ಒಂದು ಮಾತೂ ಕೇಳದೆ ನೀನೇ ಅಂತ ನಂಬಿದೆ. ಇವರಿಗೆಲ್ಲ ಹೇಳಿದ್ದೂ ನಾನೇ."

ಸಾಯಿಕಿರಣನಿಗೆ ಕಣ್ಣು ತುಂಬಿ ಬಂತು. ಮೂರು ದಿನದಿಂದ ತಡೆದದ್ದು. "ಏನೋ ಬಿಡು ಅಕ್ಕಾ," ಅಂದವನು ಮುಖ ತಿರುಗಿಸಿ ಮೂಗು ಒರೆಸಿಕೊಂಡ. ದುರ್ಗಾಭವಾನಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಎಲ್ಲರೂ ಬಾಗಿಲ ಹತ್ತಿರವೇ ಸೇರಿಕೊಂಡರು. ಮೇಜಿನ ಈಚೆ ಉಮಾಪತಿ ಒಬ್ಬನೇ ಉಳಿದ.

"ಇವತ್ತಿಗೆ ಇಷ್ಟು ಸಾಕಾ ಸರ್?" ಎಂದು ಉಷಶ್ರೀ ಹೊರಡುವಾಗ ಕೇಳಿದಳು. ಅದೂ ತೆಲುಗಿನಲ್ಲೇ. ಕನ್ನಡವನ್ನು ಅವಳು ಅವನ ಜೊತೆ ಮತ್ತೆ ಆಡಲಿಲ್ಲ.

ಅದರ ಮುಂದಿನ ಸೋಮವಾರ ಹತ್ತು ಗಂಟೆ ಹತ್ತು ನಿಮಿಷವಾದರೂ ಕೋಣೆಗೆ ಯಾರೂ ಬರಲಿಲ್ಲ. ಕೆಲಸ ಮುಗಿದಿರಲಿಕ್ಕಿಲ್ಲ ಅಂದುಕೊಂಡು ಉಮಾಪತಿ ಹೊರಗೆ ಬಂದ. ರಕ್ತ ತೆಗೆಯುವ ಕೋಣೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಐದೂ ಜನ ಇದ್ದರು, ಲೋಟ ಹಿಡಿದುಕೊಂಡು. ಸಾಯಿಕಿರಣ್ ಕೈಯಾಡಿಸುತ್ತಾ ಏನೋ ಹೇಳುತ್ತಿದ್ದ, "ಪೂರ್ತಿ ನನ್ನದೇ ತಪ್ಪು, ಫ್ರಿಜ್ ಬಾಗಿಲು ನಾನೇ ಸರಿಯಾಗಿ ಹಾಕಿರಲಿಲ್ಲ..." ಉಷಶ್ರೀ, "ಆಮೇಲೆ?" ಎಂದು ಕೇಳುತ್ತಿದ್ದಳು.

ಉಮಾಪತಿಯನ್ನು ಕಂಡು ಮಾತು ನಿಂತಿತು.

"ಬನ್ನಿ ಸರ್, ಬನ್ನಿ," ಎಂದಳು ದುರ್ಗಾಭವಾನಿ. ಎಲ್ಲರೂ ಹಿಂದೆ ಸರಿದು ಜಾಗ ಮಾಡಿಕೊಟ್ಟರು. ಸಾಯಿಕಿರಣ್ ಓಡಿಹೋಗಿ ಕುರ್ಚಿ ತಂದ. ಉಷಶ್ರೀ ತಾನೇ ಚಹಾ ಬಗ್ಗಿಸಿ ಎರಡೂ ಕೈಯಲ್ಲಿ ಕೊಟ್ಟಳು. ಮೇಡಂ ಚೆನ್ನಾಗಿದ್ದಾರಾ, ಎಂದು ಯಾರೋ ವಿಚಾರಿಸಿದರು. ಬಿಸಿಲು ಜಾಸ್ತಿಯಾಯಿತು, ಎಂದು ಇನ್ನೊಬ್ಬರು.

ಉಮಾಪತಿ ಕೂರಲಿಲ್ಲ. ಸುಡುವ ಚಹಾವನ್ನು ಎರಡೇ ಗುಟುಕಿಗೆ ಮುಗಿಸಿ, "ಫೋನ್ ಬರೋದಿದೆ, ನೀವು ನಡೆಸಿ," ಎಂದ. ಹೊರಗೆ ಬಂದು ತಾನೇ ಬಾಗಿಲು ಎಳೆದುಕೊಂಡ. ಖಾಲಿ ಲೋಟ ಹಿಡಿದು ಓಣಿಯಲ್ಲಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಒಳಗೆ ಸಾಯಿಕಿರಣನ ದನಿ ಮತ್ತೆ ಶುರುವಾಯಿತು.